ಕುರ್ಚಿ ಹೆಣಿಯೂ ಕ್ಲಾಸು

ವೇದಿಕೆ ಮ್ಯಾಲಿರೋ ಅಧ್ಯಕ್ಷೆ ರಾಜಮತಿ ಬಾಯಿಯವರೇ, ಗಡಹಿಂಗ್ಲಜದಿಂದ ಬಂದ ಅತಿಥಿಗಳೇ, ಮನೀ ಮಂದಿಗೆ ನಿಜಾ ಹೇಳಾಕಂತ ಅವರನ್ನ ಮೊದಲ ಸಲ ಕರಕೊಂಡು ಬಂದಿರೋ ನಮ್ಮ ಬಳಗದ ಗೆಳತಿಯರೇ, ಮತ್ತು ಸಭಿಕರೇ,

ನಾನು ಸಾವಕ್ಕ. ಇಚಲಕರಂಜಿಯ ಮಗ್ಗದಾಗ ನೂಲಿನ ಕಾಂಡಿ ಸುತ್ತತೇನಿ. ಹುಟ್ಟಿದಾಗಿಂದ ಕಣ್ಣಿಲ್ಲ. ಸಭಾ ದೊಡ್ಡದೈತೋ ಸಣ್ಣದೈತೋ ಕಾಣಂಗಿಲ್ಲ, ಹಂಗಾಗಿ ಅಂಜಿಕಿ ಆಗಂಗಿಲ್ಲ ಅಂತ ತಿಳದಿದ್ದೆ. ಸುಳ್ಳದು.

ಹದಿನಾಲ್ಕು ತಿಂಗಳಾತು, ನನ್ನ ತಮ್ಮ ಬಸವಂತ ತಿಂಗಳಿಗೊಮ್ಮೆ ನನ್ನನ್ನ ಸ್ಕೂಟರ್ ಮ್ಯಾಲೆ ಕೊಲ್ಹಾಪುರದ ಈ ಖೋಲಿಗೆ ಬಿಟ್ಟು ಹೋಗತಾನ. ಕುರ್ಚಿ ಹೆಣಿಯೂ ಕ್ಲಾಸು ಅಂತ ಹೇಳೇನಿ. "ಅಕ್ಕಾ, ಒಂದರ ಕುರ್ಚಿ ಮನೀಗೆ ತಾ, ಕುಂಡ್ರತೇನಿ" ಅಂತ ಚಾಷ್ಟಿ ಮಾಡತಾನ. ಇವತ್ತ ಹಿಂದಿನ ಸಾಲಿನ್ಯಾಗ ಕುಂತಾನ. ಅವನ ಕೊಲ್ಹಾಪುರಿ ಚಪ್ಪಲ್ ಕರ್‌ಕರ್ ಅಂದದ್ದು ಕೇಳೇನಿ.

ಬಸವಂತ, ಇಲ್ಲಿ ಯಾವ ಕುರ್ಚಿನೂ ಹೆಣಿಯಂಗಿಲ್ಲೋ. ಇದು ಹೆಣ್ಣನ್ನ ಪ್ರೀತಿಸೋ ಅಂಗವಿಕಲ ಹೆಣ್ಣುಮಕ್ಕಳ ಬಳಗ. ಲೆಸ್ಬಿಯನ್ ಅಂತಾರಲ್ಲ, ಅದ.

ಸಭಿಕರೇ, ಬ್ಯಾರೆ ಹುಡುಗ್ಯಾರು ಮನ್ಯಾಗ ಸುಳ್ಳು ಹೇಳಿ ತಾವ ಬಸ್ ಹತ್ತತಾರ. ನಮ್ಮ ಗತಿ ಏನ್ರಿ? ಯಾರ ಮುಂದ ಮುಚ್ಚಿಡಬೇಕೋ ಅವರ ಹೆಗಲ ಹಿಡಕೊಂಡನ ಬರಬೇಕು. ಗೊತ್ತಾದ ದಿವಸ ಅವರು ಕರಕೊಂಡು ಬರಂಗಿಲ್ಲಂದ್ರ? ಹದಿನಾಲ್ಕು ತಿಂಗಳು ಇದ ಒಂದು ಹೆದರಿಕಿ ನನಗ.

ಇಲ್ಲಿ ಏನ ಮಾಡತೀರಿ ಅಂತ ಕೇಳಬಹುದು. ಚಹಾ ಕುಡೀತೇವಿ. ಭಾಳ ನಗತೇವಿ. ಕಿವಿ ಕೇಳದ ವೃಷಾಲಿ ಕೈಸನ್ನಿಲೆ ಹೇಳಿದ ಚಾಡಿ ಎಲ್ಲಾ ರಾಜಮತಿ ಬಾಯಿಯವರು ನನಗ ಬಿಡಿಸಿ ಹೇಳತಾರ. ಅವರು ತಮ್ಮ ಪೋಲಿಯೋ ಕಾಲಿಗೆ ಕಟ್ಟಿದ ಕ್ಯಾಲಿಪರ್ ಬಿಚ್ಚಿಟ್ಟು ನನ್ನ ಬಾಜೂಕ ಕುಂಡ್ರತಾರ. ಹೊಲದಿಂದ ಸೀದಾ ಬಂದಿದ್ರ ಆಕಿ ಕೈಗೆ ಕಬ್ಬಿನ ಒಣಗಿದ ರವದಿ ಎಲಿ ವಾಸನಿ ಇರತೈತಿ. ಆ ಕೈ ಬಿಟ್ಟು ಮನೀಗೆ ಹೋಗೂಮುಂದ ರಾಜಮತಿ ನನಗ... ಕ್ಷಮಾ ಮಾಡ್ರಿ. ಇದು ನಾ ಬಾಯಿಪಾಠ ಮಾಡಿದ್ರಾಗ ಇರಲಿಲ್ರಿ.

ಕರ್‌ಕರ್ ಅನ್ನಾಕತ್ತೈತಿ. ಎದ್ದೇನೋ ಬಸವಂತ? ಬಾಗಿಲ ಹಂತೇಕ ಸಪ್ಪಳ ನಿಂತೈತಿ.

ಅವ್ವ ಹೋದಮ್ಯಾಲ ನನಗ ಜಡಿ ಹೆಣಿಯಾಕ ಕಲತಾಂವ ನೀನು. ಸಿಟ್ಟಾಗು, ಬೈಯಿ, ಎರಡು ದಿವಸ ಮಾತು ಬಿಡು. ಆದ್ರ ಮುಂದಿನ ತಿಂಗಳು ಬಿಟ್ಟು ಹೋಗಾಕ ಬಾ. ನೀ ಒಲ್ಲೆ ಅಂದ್ರ ನನಗ ಈ ಖೋಲಿ ಇಲ್ಲ, ಆಕಿ ಇಲ್ಲ.

ಸಭಿಕರೇ, ಒಂದು ವಿನಂತಿ ಐತ್ರಿ. ನನ್ನ ಮಾತು ಮುಗದಮ್ಯಾಲ ಯಾರೂ ಚಪ್ಪಾಳಿ ಹೊಡೀಬ್ಯಾಡ್ರಿ. ಆ ಚಪ್ಪಲ್ ಒಳಗ ಬರತಾವೋ, ಸ್ಕೂಟರ್ ಕಡೆ ಹೋಗತಾವೋ, ನನಗ ಕೇಳಬೇಕು.

ಇಷ್ಟೊತ್ತು ಸುಮ್ಮ ಕುಂತು ಕೇಳಿದ್ರಿ, ಉಪಕಾರ ಆತು. ಇನ್ನೊಂದು ಸ್ವಲ್ಪ ಸುಮ್ಮ ಕುಂಡ್ರಿ. ನಮಸ್ಕಾರ.