ಒಳಗೆ ಇನ್ನೂ ಯಾರಾದ್ರೂ ಇದಾರಾ?

ಬಾಗಿಲು ಹಾಕಿದೀರಾ? ಚಿಲಕ ಬೇಡ, ಸುಮ್ಮನೆ ಮುಂದೆ ಮಾಡಿ ಸಾಕು... ಯಾಕೆ ಅಂತ ಕೇಳ್ತಾ ಕೇಳ್ತಾ ನಿಮಗೇ ಗೊತ್ತಾಗುತ್ತೆ.

ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆಗಿದ್ದು. ಅಕ್ಕ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋ ಕಡೆ ಕೆಲಸಕ್ಕಿದ್ದಳು. ದಿನ ಬೆಳಗಾದರೆ ರಕ್ತ ಮೆತ್ತಿದ ಚಾದರಗಳನ್ನ ಹಿಂಡೋಳು. ಸಣ್ಣಪುಟ್ಟದಕ್ಕೆ ಹೆದರೋ ಜೀವ ಅಲ್ಲ. ಅವತ್ತು ಇಸ್ತ್ರಿ ಯಂತ್ರ ಕೆಟ್ಟು ಕೂತಿತ್ತು, ಹೊರಡೋದು ತಡವಾಯಿತು. ಮನೆಗೆ ಹೋಗೋಕೆ ಅಗ್ನಿಶಾಮಕ ಠಾಣೆ ದಾಟಲೇಬೇಕು. ಠಾಣೆಯ ಗೋಡೆಗೆ ಒತ್ತಿಕೊಂಡು ಒಂದು ಆಲದ ಮರ. ಅದರ ಬುಡದಲ್ಲಿ ಹಳೇ ಬಾವಿ, ಒಂದು ಕಾಲಕ್ಕೆ ಠಾಣೆಯವರು ನೀರು ಸೇದುತ್ತಿದ್ದದ್ದು. ಬಾವಿಯ ಬಾಯಿಗೆ ಜಾಲರಿ ಹಾಕಿ ಬೀಗ ಜಡಿದು ಯಾವ ಕಾಲವಾಗಿತ್ತೋ.

ಅಕ್ಕ ಮರದ ಹತ್ತಿರ ಬಂದಳು...

ಕಿರ್ರ್... ಕಿರ್ರ್...

ರಾಟೆ ತಿರುಗೋ ಸದ್ದು. ಆ ಬಾವಿಗೆ ರಾಟೆಯೇ ಇಲ್ಲ!

ಅಕ್ಕ ಅಲ್ಲೇ ನಿಂತುಬಿಟ್ಟಳು. ಯಾಕೆಂದರೆ ಅದು ಯಾರು ಅಂತ ಅವಳಿಗೆ ಗೊತ್ತಿತ್ತು. ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೊದಲೆಲ್ಲ ಆ ಠಾಣೆಯೂ ಓಣಿಯೂ ಒಂದೇ ಮನೆಯ ಹಾಗೆ ಇದ್ದವು. ನಲ್ಲಿ ಒಣಗಿದರೆ ಠಾಣೆಯವರು ಗೇಟಿನ ಹತ್ತಿರ ಪೈಪು ಬಿಡೋರು. ಓಣಿಯವರು ಫ್ಲಾಸ್ಕಿನಲ್ಲಿ ಟೀ ಕೊಟ್ಟು ಬರೋರು. ತಾರಸಿಯಲ್ಲಿ ಸಿಕ್ಕಿಕೊಂಡ ಬೆಕ್ಕಿಗೂ ಅವರೇ ಬರಬೇಕು, ಒಳಗಿಂದ ಚಿಲಕ ಹಾಕಿಕೊಂಡು ಅಳೋ ಮಗುವಿಗೂ ಅವರೇ ಬರಬೇಕು. ಅವರಲ್ಲಿ ಹಿರಿಯನೊಬ್ಬ ಮಕ್ಕಳನ್ನ ಬೆಂಕಿ ಗಾಡಿ ಮೇಲೆ ಕೂರಿಸಿ ಗಂಟೆ ಹೊಡೆಯೋಕೆ ಬಿಡೋನು. ಅದಕ್ಕೇ ಅವನಿಗೆ ಗಂಟೆ ಮಾವ ಅಂತ ಹೆಸರು ಬಿದ್ದಿತ್ತು. ಅಕ್ಕ ಬಸುರಿಯಾಗಿದ್ದಾಗ ಬೆರಳು ಊದಿ ಉಂಗುರ ಸಿಕ್ಕಿಕೊಂಡಿತು. ಗಂಟೆ ಮಾವ ಅವಳ ಮನೆ ಮೆಟ್ಟಿಲ ಮೇಲೆ ಕೂತು, ಚರ್ಮಕ್ಕೆ ತಾಗದ ಹಾಗೆ ಸಣ್ಣ ಗರಗಸದಲ್ಲಿ ಕೊಯ್ದು ತೆಗೆದ. "ಉಂಗುರ ಹೋದ್ರೆ ಹೋಗ್ಲಿ ಬಿಡು ತಾಯಿ, ಗಂಡ ಗಟ್ಟಿಯಾಗಿದಾನಲ್ಲ" ಅಂತ ಅವಳನ್ನ ನಗಿಸಿದ್ದ.

ಆಮೇಲೆ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಕೆಳಗೆ ಹತ್ತಿ, ಸ್ಪಂಜು. ಮೇಲೆ ಒಂದು ಸಂಸಾರ. ತಾಯಿ, ಇಬ್ಬರು ಗಂಡುಮಕ್ಕಳು. ಗಾಡಿ ಬೇಗನೇ ಬಂತು. ಆದರೆ ಓಣಿಯ ಬಾಯಲ್ಲೇ ನಿಂತಿತು. ತಳ್ಳುಗಾಡಿಗಳು, ಸ್ಕೂಟರುಗಳು... ಅಕ್ಕನ ಗಂಡ ವೆಲ್ಡಿಂಗ್ ಕೆಲಸದವನು. ಅವನ ಗ್ರಿಲ್ಲು, ಗೇಟು, ಕಬ್ಬಿಣದ ಪಟ್ಟಿಗಳೇ ಅರ್ಧ ದಾರಿ ತುಂಬಿದ್ದವು. ಅದನ್ನೆಲ್ಲ ಎಳೆದು ಬದಿಗೆ ಹಾಕೋ ಹೊತ್ತಿಗೆ ಜ್ವಾಲೆ ಮಾಳಿಗೆ ಮುಟ್ಟಿತ್ತು.

ಗಂಟೆ ಮಾವ ಒಳಗೆ ನುಗ್ಗಿದ. ತಾಯಿಯನ್ನ ಹೊತ್ತು ತಂದ. ಅವಳ ಉಸಿರು ಆಗಲೇ ನಿಂತಿತ್ತು. ಹೊಗೆಗೆ ಅವನ ಕಣ್ಣು ಕಾಣುತ್ತಿರಲಿಲ್ಲ. ಜನರ ಕಡೆ ಮುಖ ತಿರುಗಿಸಿ ಕೇಳಿದ.

"ಒಳಗೆ ಇನ್ನೂ ಯಾರಾದ್ರೂ ಇದಾರಾ?"

ಉತ್ತರದ ಬದಲು ಕಲ್ಲು ಬಂತು.

"ನಿದ್ದೆ ಮುಗೀತೇನ್ರೋ? ಹೆಣ ಎತ್ತೋಕೆ ಬಂದ್ರಾ?"

ಆಮೇಲೆ ಯಾರು ಹೊಡೆದರು, ಯಾರು ಬಿಟ್ಟರು... ಹೇಳೋಕಾಗಲ್ಲ. ಅಕ್ಕ ಮೆಟ್ಟಿಲ ಮೇಲೆ ನಿಂತು ನೋಡಿದಳು. ಹೆಲ್ಮೆಟ್ಟು ಉರುಳಿತು. ಕಬ್ಬಿಣ ತಲೆಗೆ ಬಿತ್ತು, ಮಡಕೆ ಒಡೆದ ಹಾಗೆ... ಠಪ್. ಅವನು ಮಂಡಿಯೂರಿದ. ಹಲ್ಲು ಉದುರಿದ ಬಾಯಲ್ಲಿ ಇನ್ನೂ ಕೇಳುತ್ತಿದ್ದ, "ಒಳಗೆ... ಯಾರಾ..." ಉಳಿದ ಸಿಬ್ಬಂದಿಯನ್ನ ಅಟ್ಟಾಡಿಸಿ ಹೊಡೆದರು. ಕೈಬಿಟ್ಟ ಪೈಪು ನೆಲದ ಮೇಲೆ ಹಾವಿನ ಹಾಗೆ ಹೊರಳಾಡಿತು. ಮೇಲಿದ್ದ ಎರಡು ಮಕ್ಕಳು ಅಲ್ಲೇ ಬೆಂದುಹೋದರು. ಒಳಗೆ ಹೋಗೋಕೆ ಇದ್ದ ಒಬ್ಬನನ್ನೂ ಇವರೇ ಕೆಡವಿದ್ದರಲ್ಲ!

ಗಂಟೆ ಮಾವ ಅಲ್ಲೇ ಪ್ರಾಣ ಬಿಟ್ಟ. ಪೊಲೀಸರು ಬಂದು ಕೇಳಿದರು. "ನಾವು ನೋಡಿಲ್ಲ ಸ್ವಾಮಿ" ಅಂತ ಇಡೀ ಓಣಿ ಒಂದೇ ಬಾಯಲ್ಲಿ ಹೇಳಿತು. ಅಕ್ಕನ ಗಂಡ ಮನೆಯಲ್ಲಿ ಶರ್ಟು ತೆಗೆದು ಅವಳ ಕೈಗೆ ಕೊಟ್ಟು, ಮೂಗಿಂದ ರಕ್ತ ಬಂತು ಅಂದ. ರಕ್ತದ ಕಲೆ ತಣ್ಣೀರಲ್ಲೇ ಹೋಗಬೇಕು ಅಂತ ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ರಕ್ತ ಒಬ್ಬನ ಮೂಗಿಂದ ಬರಲ್ಲ ಅಂತಲೂ ಗೊತ್ತಿತ್ತು. ಒಗೆದಳು. ಒಣಗಿಸಿ ಮಡಚಿಟ್ಟಳು.

ಠಾಣೆಯ ಗೇಟು ಮುಚ್ಚಿತು. ಗಾಡಿಯ ಗಾಜಿಗೆ ಕಲ್ಲು ತಡೆಯೋ ಜಾಲರಿ ಬಂತು. ಟೀ ಹೋಗೋದು ನಿಂತಿತು. ಯಾರ ಮನೆಯಲ್ಲಾದರೂ ಬೆಂಕಿ ಹತ್ತಿದರೆ ಬಕೆಟ್ಟಲ್ಲಿ ತಾವೇ ಆರಿಸಿಕೊಳ್ಳೋರು, ಠಾಣೆಗೆ ಹೇಳಿಕಳಿಸೋಕೆ ಯಾರಿಗೂ ಮುಖ ಇರಲಿಲ್ಲ.

ಆಮೇಲೆ ಶುರುವಾಯಿತು... ಮೂಲೆ ಅಂಗಡಿಯವನು ಮೊದಲು ಕಂಡದ್ದು. ಬಾವಿಯ ಹತ್ತಿರ ಇಲ್ಲದ ರಾಟೆಯ ಸದ್ದು, ಒದ್ದೆ ಬೂಟಿನ ಸದ್ದು. ಅದೇ ಪ್ರಶ್ನೆ. "ಯಾರೂ ಇಲ್ಲ!" ಅಂತ ಕಿರುಚಿ ಓಡಿಬಂದ. ಅವತ್ತಿನಿಂದ ಓಣಿಯಲ್ಲಿ ಕಿವಿಯಿಂದ ಕಿವಿಗೆ ಒಂದು ಮಾತು ಹರಿಯಿತು. ಅವನು ಕೇಳಿದರೆ ಯಾರೂ ಇಲ್ಲ ಅನ್ನಬೇಕು. ಬೇರೆ ಒಂದಕ್ಷರ ಆಡಬಾರದು.

ಈಗ ಅಕ್ಕ ಅದೇ ಬಾವಿಯ ಮುಂದೆ.

ಪಚ್... ಪಚ್... ಪಚ್...

ಬೂಟು. ಒಳಗೆ ನೀರು ತುಂಬಿಕೊಂಡ ಬೂಟು. ಮರದ ಹಿಂದಿಂದ ಬಂದ. ಮೈಯೆಲ್ಲ ನೀರು ಸುರಿಯುತ್ತಿತ್ತು. ಆ ನೀರಿನಿಂದ ಹಬೆ ಏಳುತ್ತಿತ್ತು. ಹೆಲ್ಮೆಟ್ಟಿನ ಕೆಳಗೆ ಮುಖದ ಜಾಗ ಕಪ್ಪು. ಕೈಯಲ್ಲಿ ಬೆಂಕಿ ಗಾಡಿಯ ಕೊಡಲಿ. ಪಿಸುಗುಟ್ಟಿದ.

"ಒಳಗೆ... ಇನ್ನೂ... ಯಾರಾದ್ರೂ ಇದಾರಾ?"

ಯಾರೂ ಇಲ್ಲ ಅನ್ನಬೇಕಿತ್ತು. ಆದರೆ ಮನೆಯಲ್ಲಿ ಮಲಗಿದ್ದ ಮಗಳು ಕಣ್ಣಮುಂದೆ ಬಂದಳು. ಅಕ್ಕ ಕೈ ಮುಗಿದು ಬೇಡಿಕೊಂಡಳು.

"ಬಿಟ್ಟುಬಿಡಿ ಮಾವ... ಮನೇಲಿ ಮಗು ಇದೆ..."

ಸದ್ದೆಲ್ಲ ನಿಂತಿತು. ರಾಟೆಯೂ ನಿಂತಿತು.

"ಇದೆಯಾ..." ಅಂದ ಅವನು. ಎಷ್ಟೋ ಕಾಲದಿಂದ ಅದೊಂದು ಮಾತಿಗೇ ಕಾದವನ ಹಾಗೆ.

ಓಡಿದ.

ಅಕ್ಕ ಹಿಂದೆಯೇ ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ. "ಬೇಡ ಮಾವ! ಬೆಂಕಿ ಇಲ್ಲ! ಬೆಂಕಿ ಬಿದ್ದಿಲ್ಲ ಮಾವ!" ಕೇಳೋರು ಯಾರು? ಅವಳು ಓಣಿ ತಿರುಗೋ ಹೊತ್ತಿಗೆ ಮೊದಲ ಏಟು ಬಿದ್ದಿತ್ತು. ಧಡ್! ಕೊಡಲಿ ಅವಳ ಮನೆ ಬಾಗಿಲಿಗೆ ಕಚ್ಚಿತು. ಕಿತ್ತ. ಮತ್ತೆ, ಧಡ್! ಚಿಲಕ ಹಾರಿ ಗೋಡೆಗೆ ಬಡಿಯಿತು.

ಒಳಗೆ ಅವಳ ಗಂಡ ಎದ್ದಿದ್ದ. ಕೈಯಲ್ಲಿ ಕಬ್ಬಿಣದ ಸಲಾಕೆ. ಕತ್ತಲಲ್ಲಿ ಕಳ್ಳ ಅಂದುಕೊಂಡನೋ ಏನೋ, ಬೀಸಿದ. ಠಣ್! ಹೆಲ್ಮೆಟ್ಟಿಗೆ ಬಿತ್ತು. ಮತ್ತೆ ಬೀಸಿದ, ಭುಜಕ್ಕೆ. ನೆಂದ ಗೋಣಿಚೀಲಕ್ಕೆ ಹೊಡೆದ ಹಾಗೆ ಸದ್ದಾಯಿತು. ಗಂಟೆ ಮಾವ ತಡೆಯಲಿಲ್ಲ, ತಿರುಗಿಸಿ ಹೊಡೆಯಲಿಲ್ಲ. ಏಟು ತಿನ್ನುತ್ತಲೇ ಮುಂದೆ ಬಂದ. ಆಗ ಗಂಡನಿಗೆ ಗುರುತು ಸಿಕ್ಕಿತು. ಕಿರುಚಿದ.

"ನೀನು ಸತ್ತಿದೀಯ ಕಣೋ! ನಾನೇ... ನಾನೇ ನೋಡಿದೀನಿ, ಸತ್ತಿದೀಯ!"

ಬಾಗಿಲಲ್ಲಿ ನಿಂತ ಅಕ್ಕನಿಗೆ ಆ ಮಾತು ಕೇಳಿಸಿತು. ಅವಳೇನೂ ಆಶ್ಚರ್ಯಪಡಲಿಲ್ಲವಂತೆ. ಶರ್ಟು ಒಗೆದ ದಿನವೇ ಗೊತ್ತಿತ್ತು ಅಂತಾಳೆ.

ಗಂಟೆ ಮಾವ ಅವಳ ಗಂಡನ ಸಲಾಕೆ ಹಿಡಿದ ಮಣಿಕಟ್ಟಿಗೆ ಕೈ ಹಾಕಿದ. ಮಾವನ ಅಂಗೈಯ ಚರ್ಮ ಕಳಚಿ ನೇತಾಡುತ್ತಿತ್ತು. ತಿರುಚಿದ... ಲಟಕ್! ಮೂಳೆ ಹೊರಗೆ ಬಂತು. ಕೂದಲಿಗೆ ಕೈ ಹಾಕಿ ದರದರ ಎಳೆದುಕೊಂಡು ಹೊಸಿಲು ದಾಟಿಸಿದ. ಕಂಬಳಿಗೆ ಹತ್ತಿದ ಕಿಡಿಯನ್ನ ಬಡಿಯೋ ಹಾಗೆ ಎರಡೂ ಕೈಯಲ್ಲಿ ಅವನ ಬೆನ್ನು, ಎದೆ, ಮುಖ ಬಡಿದ. ಮೂಗು ಜಜ್ಜಿಹೋಯಿತು. ಓಣಿಗೆ ಎಸೆದ. ಮತ್ತೆ ಒಳಗೆ ಹೋದ, ಮಗುವಿಗೆ.

ಅಕ್ಕನೂ ನುಗ್ಗಿದಳು. ಒಳಗೆ ಒಂದು ಕಿಡಿಯೂ ಇಲ್ಲ. ಆದರೆ ಉಸಿರಾಡೋಕೆ ಆಗ್ತಿಲ್ಲ... ಕಣ್ಣು ಉರಿ... ಎಲ್ಲೋ ತೊಲೆ ಚಟ್ ಚಟ್ ಅಂತ ಸಿಡಿಯೋ ಸದ್ದು. ಗೋಡೆ ಮುಟ್ಟಿದರೆ ಕೈ ಸುಡುತ್ತೆ. ಅವನು ಮಂಚವನ್ನ ಒಂದೇ ಏಟಿಗೆ ಸೀಳಿದ, ಅಡಿಯಲ್ಲಿ ಅವಿತಿದ್ದ ಮಗುವನ್ನ ಎತ್ತಿ ಎದೆಗೆ ಒತ್ತಿಕೊಂಡ. ಅಕ್ಕನನ್ನ ಇನ್ನೊಂದು ಕೈಯಲ್ಲಿ ಕತ್ತಿನ ಪಟ್ಟಿ ಹಿಡಿದು ಹೊರಗೆ ದೂಡಿದ. ಮಗುವನ್ನ ಅವಳ ಮಡಿಲಿಗೆ ಇಟ್ಟ. ಮೆಲ್ಲಗೆ. ತೂಗಿ ಮಲಗಿಸೋ ಹಾಗೆ.

ಅಷ್ಟಕ್ಕೆ ಮುಗಿದಿದ್ದರೆ ಸಾಕಿತ್ತು.

ಓಣಿಯ ಕಿಟಕಿಗಳೆಲ್ಲ ತೆರೆದಿದ್ದವು. ಎಲ್ಲಿಂದಲೋ ಒಂದು ಕಲ್ಲು ಬಂತು. ಅಭ್ಯಾಸ ಬಿಡುತ್ತಾ? ಅವನ ಬೆನ್ನಿಗೆ ಬಿತ್ತು. ಗಂಟೆ ಮಾವ ತಲೆ ಎತ್ತಿ ನೋಡಿದ. ಕಲ್ಲು ಬಂದ ಕಡೆ ಅಂದರೆ... ಅಲ್ಲಿ ಇನ್ನೂ ಜನ ಇದಾರೆ!

ಧಡ್! ಮೂಲೆ ಅಂಗಡಿಯವನ ಬಾಗಿಲು. ದವಡೆ ಹಿಡಿದು ಎಳೆದು ತಂದ, ದವಡೆ ಕೀಲು ತಪ್ಪಿ ಜೋತುಬಿತ್ತು. ಧಡ್! ಕ್ಷೌರದವನ ಬಾಗಿಲು. ಮಾಳಿಗೆಗೆ ಓಡಿದ ಅವನನ್ನ ಕಾಲು ಹಿಡಿದು ಮೆಟ್ಟಿಲ ಮೇಲಿಂದ ಎಳೆದ. ಒಂದೊಂದು ಮೆಟ್ಟಿಲಿಗೂ ತಲೆ ಬಡಿಯೋದು ಕೆಳಗಿದ್ದವರಿಗೆ ಕೇಳಿಸುತ್ತಿತ್ತು. ತಪ್ಪಿಸಿಕೊಂಡು ಹಿಂದಿನ ಬಾಗಿಲಿಂದ ಮತ್ತೆ ಒಳಗೆ ಹೋದವನನ್ನ ಮತ್ತೆ ಎಳೆದು ತಂದ, ಈ ಸಲ ಪಕ್ಕೆಲುಬು ಮುರಿದು. ಅಡ್ಡ ಬಂದವರ ಕೈ ಮುರಿಯಿತು. ಬಚ್ಚಿಟ್ಟುಕೊಂಡವರ ಚರ್ಮ ಕಿತ್ತುಬಂತು. ಮಕ್ಕಳನ್ನ ಮಾತ್ರ ಎದೆಗೆ ಅವಚಿಕೊಂಡು ತಂದು ಸಾಲಾಗಿ ಕೂರಿಸಿದ. ಒಂದು ಮಗುವಿಗೂ ತರಚು ಗಾಯ ಆಗಲಿಲ್ಲ.

ಇಡೀ ಓಣಿ ಖಾಲಿಯಾಯಿತು. ಎಲ್ಲರೂ ರಸ್ತೆಯಲ್ಲಿ... ರಕ್ತ, ನರಳಾಟ, ಮುರಿದ ಬಾಗಿಲುಗಳ ಚೂರು. ಅವನು ಪಚ್ ಪಚ್ ಅಂತ ನಡೆದು ಅಕ್ಕನ ಮುಂದೆ ಬಂದು ನಿಂತ.

"ಒಳಗೆ ಇನ್ನೂ ಯಾರಾದ್ರೂ ಇದಾರಾ?"

ಅಕ್ಕ ಬಾಯಿ ತೆರೆಯೋ ಮೊದಲೇ ಅವಳ ಗಂಡ ಮಾತಾಡಿದ. ನೆಲದ ಮೇಲೆ ಬಿದ್ದಲ್ಲಿಂದಲೇ.

"ಇದಾರೆ ಮಾವ... ಎರಡು ಮಕ್ಕಳು. ಹಾಸಿಗೆ ಅಂಗಡಿ ಮೇಲೆ... ಅವತ್ತೇ ಹೇಳ್ಬೇಕಿತ್ತು."

ಗಂಟೆ ಮಾವ ತಲೆಯಾಡಿಸಿದ. ತಿರುಗಿದ. ಸುಟ್ಟು ಬರೀ ಗೋಡೆ ಉಳಿದಿದ್ದ ಆ ಅಂಗಡಿಯೊಳಗೆ ಹೋದ. ಅದಕ್ಕೆ ಬಾಗಿಲಿಲ್ಲ, ಮಾಳಿಗೆಯಿಲ್ಲ, ಮೆಟ್ಟಿಲೂ ಇಲ್ಲ. ಆದರೂ ಮೆಟ್ಟಿಲು ಹತ್ತೋ ಬೂಟಿನ ಸದ್ದು ಎಲ್ಲರಿಗೂ ಕೇಳಿಸಿತು. ಮೇಲೆ... ಇನ್ನೂ ಮೇಲೆ... ಆಮೇಲೆ ಕೇಳಿಸಲಿಲ್ಲ.

ಠಾಣೆಗೆ ಓಡಿಹೋಗಿ ಹೇಳಿದ್ದು ಅಕ್ಕ. ಗೇಟು ಬಡಿಯೋಕೆ ಕೈ ಎತ್ತಿದ್ದಳು, ಅಷ್ಟರಲ್ಲಿ ಅವರೇ ತೆರೆದರು. ಏಣಿ, ಸ್ಟ್ರೆಚರು ಹೊತ್ತು ನಡೆದೇ ಬಂದರು. ಠಾಣೆಯ ಅಧಿಕಾರಿ ಸುತ್ತ ನೋಡಿ, "ಬೆಂಕಿ ಎಲ್ಲಮ್ಮಾ?" ಅಂದ. ಒಬ್ಬೊಬ್ಬರಿಗೇ ಪಟ್ಟಿ ಕಟ್ಟುತ್ತಾ ಬಂದರು. ಅಕ್ಕನ ಗಂಡನ ಮುರಿದ ಕೈಗೆ ಹಲಗೆ ಕಟ್ಟುತ್ತಿದ್ದವನು ಎಳೆ ಹುಡುಗ. ಗಂಟೆ ಮಾವನ ಜಾಗಕ್ಕೆ ಬಂದವನಂತೆ.

"ನಾನೇ ಹೊಡೆದಿದ್ದು" ಅಂದ ಅಕ್ಕನ ಗಂಡ. "ಗಂಟೆ ಮಾವನ್ನ ಕೊಂದಿದ್ದು ನಾನೇ."

ಹುಡುಗನ ಕೈ ನಿಂತಿತು. ಅಧಿಕಾರಿಯ ಕಡೆ ನೋಡಿದ. ಅಧಿಕಾರಿಯ ಮುಖದಲ್ಲಿ ನರ ಉಬ್ಬಿತ್ತು. "ಕಟ್ಟು" ಅಂದ. "ಬಿಗಿಯಾಗಿ ಕಟ್ಟು. ರಕ್ತ ಸೋರ್ತಾ ಇದೆ." ಹುಡುಗ ಕಟ್ಟಿದ. ಕಟ್ಟುತ್ತಾ ಅಳುತ್ತಿದ್ದ.

ಅಕ್ಕನ ಗಂಡ ಪೊಲೀಸರ ಮುಂದೆಯೂ ಅದನ್ನೇ ಹೇಳಿದ. ಅವನ ಹಿಂದೆ ಮೂಲೆ ಅಂಗಡಿಯವನು, ಕ್ಷೌರದವನು... ದವಡೆ ಕಟ್ಟಿಸಿಕೊಂಡವನು ಸನ್ನೆಯಲ್ಲಿ ಹೇಳಿದ. ಜೈಲಾಯಿತು. ಅಕ್ಕ ಒಬ್ಬಳೇ ಮಗಳನ್ನ ಸಾಕಿದಳು. ಓಣಿಯಲ್ಲಿ ಈಗ ಒಂದು ಸೈಕಲ್ ಕೂಡ ಅಡ್ಡ ನಿಲ್ಲಲ್ಲ. ಠಾಣೆಯವರು ಗಾಡಿಯ ಜಾಲರಿ ಬಿಚ್ಚಿಸಿದರು. ಟೀ ಮಾತ್ರ ಯಾರೂ ತಗೊಂಡು ಹೋಗಿಲ್ಲ, ಕೊಡೋಕೆ ಇನ್ನೂ ಧೈರ್ಯ ಬಂದಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಆಗಿದ್ದಂತೂ ಆಗಿದೆ. ಅಕ್ಕನ ಮಗಳು ಈಗ ದೊಡ್ಡವಳಾಗಿದಾಳೆ. ಸೊಂಟದವರೆಗೆ ಕೂದಲು. ಒಣಗಿದ್ದಾಗ ಏನೂ ಇಲ್ಲ, ಸೋಪಿನ ಘಮ ಅಷ್ಟೇ. ತಲೆಗೆ ಒಂದು ತಂಬಿಗೆ ನೀರು ಬಿದ್ದರೆ ಸಾಕು... ಹೊಗೆ ವಾಸನೆ ಬರುತ್ತೆ. ಹೋದ ವಾರ ನಾನೇ ಮೂಸಿದೀನಿ.