ಹಾಲು ಕರೆಯುವ ಮೆಷಿನ್ನಿನ ದುಡ್ಡು

ಬಾಗೂರಿನ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಬೀರಯ್ಯನ ಪಕ್ಕದಲ್ಲೇ ಕೂತಿದ್ದ ಗಂಡ ಹೆಂಡತಿಯ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಹಾಲು ಕರೆಯೋ ಮೆಷಿನ್ನಿನ ದುಡ್ಡು ಏನಾಯ್ತು?” ಎಂದಳು ಹೆಂಡತಿ.

“ಅದ್ನ ಆಕಿರೋ ಬಿಟ್‌ಕಾಯಿನ್ ಇಳೀತಾ ಅದೆ ಕಣೆ. ಯಾವ್ದೋ ದೇಶದ ಮೇಲೆ ನಿರ್ಬಂಧ ಆಕವ್ರಂತೆ, ಜನ ಎದ್ರಕೊಂಡು ಮಾರ್ತಾವ್ರೆ.”

“ಈಗ ಮಾರುದ್ರೆ ಮೆಷಿನ್ನಿಗೆ ಸಾಕಾಯ್ತದಾ?”

“ಆಯ್ತದೆ. ಆ ದೇಶಗಳ ಜಗಳ ತಣ್ಣಗಾದ್ರೆ ಏರ್ತದೆ, ಇರ್ಲಿ ಬಿಡು. ಕೊಬ್ಬರಿಗೆ ರೇಟಿಲ್ಲ ಅಂತ ಅಟ್ಟದಿಂದ ಕಾಯಿ ಇಳಿಸ್ಬುಡ್ತೀವಾ?”

“ಕಾಯಾದ್ರೆ ಅಲ್ಲಾಡ್ಸಿ ನೋಡ್ತೀವಿ. ಗಡಗಡ ಅಂದ್ರೆ ಒಣಗ್ಯದೆ ಅಂತ ಗೊತ್ತಾಯ್ತದೆ. ಎಲ್ಲಿ, ನಿಮ್ ಬಿಟ್‌ಕಾಯಿನ್ನ ಅಲ್ಲಾಡ್ಸಿ ನೋಡಾನ.”

ಗಂಡ ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಎಷ್ಟೋ ಸಾವಿರ ಕಾಯಿ ಅಲ್ಲಾಡಿಸಿದ್ದ ದೊಡ್ಡಬೀರಯ್ಯನೂ ತನಗರಿವಿಲ್ಲದೆ ಅತ್ತ ಕಿವಿಗೊಟ್ಟ.

“ಏನಂತದೆ?” ಎಂದಳು ಹೆಂಡತಿ.

“ಎಂಡ್ತಿ ಮಾತು ಕೇಳು ಅಂತದೆ.”

ಚನ್ನರಾಯಪಟ್ಟಣದ ಬಸ್ಸು ಬಂತು. ಗಂಡ ಮೆಟ್ಟಿಲ ಮೇಲೆ ನಿಂತೇ ಫೋನಿನಲ್ಲಿ ಬಿಟ್‌ಕಾಯಿನ್ ಮಾರಿದ. ಅವಳು ಆಗಲೇ ಕಂಡಕ್ಟರನಿಗೆ, ಬರುವಾಗ ಮೆಷಿನ್ನಿಗೂ ಟಿಕೆಟ್ ತಗೋಬೇಕಾ ಎಂದು ಕೇಳುತ್ತಿದ್ದಳು.