ಬಿಸಿಲಿಗೆ ಬಂದ್ರೆ ಕಾಣೋ ಬಣ್ಣ

ಬೇಡ ಬೇಡ, ಆ ಗುಲಾಬಿ ಬೇಡಮ್ಮ... ಅದು ಬೀದಿ ಕೊನೇವರೆಗೂ ಕಾಣತ್ತೆ! ನಂಗೆ ಬೇಕಾಗಿರೋದು ಬೇರೆ. ಮನೆ ಒಳಗಡೆ ಬರೀ ಉಗುರಿನ ಬಣ್ಣ ಇರ್ಬೇಕು, ಬಿಸಿಲಿಗೆ ಬಂದ ತಕ್ಷಣ ಕಾಮನಬಿಲ್ಲು ಏಳ್ಬೇಕು. ಹಾಂ, ಅದೇ! ಆ ಪುಟ್ಟ ಬಾಟ್ಲು. ಹೋಲೋ... ಹೋಲೋಗ್ರಾಫಿಕ್. ನೋಡು, ಹೆಸರು ಹೇಳೋಕೂ ಬರತ್ತೆ ನಂಗೆ.

ನಾನು ಮಧುಮತಿ, ತ್ಯಾಗರಾಜನಗರ. ನಮ್ಮಣ್ಣನ ಮಗಳು ಸಮನ್ವಿತಾ ಹೇಳಿದ್ಲು, ಬನಶಂಕರೀಲಿ ಶೃತಿ ಅಂತ ಒಬ್ಬಳು ಮನೇಲೇ ನೇಲ್ ಪಾಲಿಶ್ ಮಾಡಿ ಮಾರ್ತಾಳೆ ಅಂತ. ಅದಕ್ಕೇ ಬಂದೆ. ಹೂಂ, ಮೊದಲನೇ ಸಲ. ಮೊದಲನೇ ಸಲಾನೇಮ್ಮ, ಯಾಕೆ?

ತಗೋ, ಎಡಗೈ. ಒಂದು ಬೆರಳಿಗೆ ಹಚ್ಚಿ ತೋರ್ಸು ಸಾಕು... ಉಂಗುರದ ಬೆರಳು ಬೇಡ, ಅದು ಬಿಡು. ತೋರುಬೆರಳಿಗೆ ಹಚ್ಚು.

ಯಾಕೆ ನಗ್ತೀಯ? ಈ ವಯಸ್ಸಲ್ಲಿ ಇವ್ಳಿಗೆ ಏನ್ ಶೋಕಿ ಅಂತಾನಾ? ನಂಗಲ್ಲ ಕಣೇ! ನನ್ನ ಓರಗಿತ್ತಿಗೆ. ಹೇಮಶ್ರೀ ಅಂತ, ನನ್ನ ಮೈದುನನ ಹೆಂಡ್ತಿ. ಪ್ರೀತಿನಾ? ಅಯ್ಯೋ, ಪ್ರೀತಿ ಅಂದ್ರೆ ಪ್ರೀತಿ! ಹೇಳ್ತೀನಿ ಇರು, ನೀನು ಹಚ್ಚು.

ನಾಳಿದ್ದು ನಮ್ಮ ಮಾವನವರ ತಿಥಿ. ಎಲ್ಲಾ ಮಡಿ ಅಡುಗೆ. ನಮ್ಮತ್ತೆ ನಾಗಲಕ್ಷ್ಮಮ್ಮನ ಮಡಿ ಏನಂತ ನಿಂಗೆ ಗೊತ್ತಿಲ್ಲ. ಉಗುರಿಗೆ ಬಣ್ಣ ಇದ್ರೆ ನೀರು ತಾಗಲ್ಲ, ತಲೆ ಮೇಲೆ ಎಷ್ಟು ಕೊಡ ಸುರ್ಕೊಂಡ್ರೂ ಆ ಕೈ ಮೈಲಿಗೆ. ಮೈಲಿಗೆ ಕೈ ಮುಟ್ಟಿದ ಅಡುಗೆ ಪೂರ್ತಿ ಚೆಲ್ಲಿಸ್ತಾರೆ. ಹತ್ತೊಂಬತ್ತು ವರ್ಷ ಆ ಒಲೆ ಮುಂದೆ ನಾನೇ ನಿಂತಿದ್ದು ಕಣಮ್ಮ. ನಾನೇ! ಈಗ? ಈಗ ಎಲ್ಲಾ ಹೇಮಾ. ಹೇಮಾ ಸಾರು, ಹೇಮಾ ಹಯಗ್ರೀವ... ನಾನು ಹಾಲ್‌ನಲ್ಲಿ ಕೂತು ಬಾಳೆಎಲೆ ಒರೆಸ್ಬೇಕು, ಬಂದ ನೆಂಟರ ಥರ!

ಏನು ಮಾಡಿದ್ಲಾ? ಚಾಡಿ ಹೇಳಿದ್ಲು. ಹೋದ ವರ್ಷದ ತಿಥಿ. ಹಿಂದಿನ ದಿನ ಯಾರದೋ ರಿಸೆಪ್ಷನ್ ಇತ್ತು, ಉಗುರಿಗೆ ಒಂಚೂರು ಬಣ್ಣ ಹಚ್ಚಿದ್ದೆ. ತೆಗೆಯೋಕೆ ಮರ್ತೋಯ್ತು. ಮರ್ತೇ ಹೋಯ್ತು, ನಿಜವಾಗ್ಲೂ! ಈ ಹುಡುಗಿ, ಮದ್ವೆಯಾಗಿ ನಾಲ್ಕು ತಿಂಗಳಾಗಿಲ್ಲ, ಅತ್ತೆ ಕಿವೀಲಿ ಊದಿದ್ಲು: ಅಕ್ಕನ ಕೈ ನೋಡಿ ಅಂತ. ಪುರೋಹಿತರು, ನೆಂಟರು, ಎಲ್ಲರ ಮುಂದೆ ಹುಳಿಯಿಂದ ವಡೆವರೆಗೂ ಚೆಲ್ಸಿದ್ರು. ಬ್ರಾಹ್ಮಣರು ಎಲೆ ಮುಂದೆ ಕೂತಾಗ ಮೂರೂವರೆ.

ಎಲ್ಲಿ ತಗೊಂಡಿದ್ದು ಬಣ್ಣಾನಾ? ಯಾವ್ದೋ ಅಂಗಡೀಲಿ... ಫೋರ್ತ್ ಬ್ಲಾಕಲ್ಲಿ. ಅದ್ಯಾಕೆ ನಿಂಗೆ?

ಆಹಾ, ನೋಡು, ಏನೂ ಕಾಣಲ್ಲ! ಟ್ಯೂಬ್‌ಲೈಟ್ ಕೆಳಗೆ ಸಾದಾ ಉಗುರು. ನಾಳೆ ಸಂಜೆ ಹೇಮಂಗೆ ಅವಳ ಫ್ರೆಂಡ್ ಮನೆ ಫಂಕ್ಷನ್. ಬಾರೇ, ನಾನೇ ಹಚ್ತೀನಿ ಅಂದ್ರೆ ಮಗು ಥರ ಕೈ ಚಾಚ್ತಾಳೆ ಅವ್ಳು. ಬೆಳಗ್ಗೆ ತೆಗೆಯೋಣ ಅಂದ್ರೆ ಮನೇಲಿ ರಿಮೂವರ್ ಇರಲ್ಲ, ಅದನ್ನ ನಾನು ನೋಡ್ಕೋತೀನಿ. ಇದು ಬೇರೆ ಥರದ್ದು, ಕಾಣಲ್ಲ ಬಿಡೇ, ಅಂತೀನಿ. ನಂಬ್ತಾಳೆ. ಹನ್ನೊಂದು ಗಂಟೆಗೆ ಹಿತ್ತಲ ನಲ್ಲಿ ಹತ್ರ ಪಾತ್ರೆ ತೊಳೆಯೋಕೆ ಬರ್ತಾಳಲ್ಲ, ಸುಡುಬಿಸಿಲು... ಹತ್ತೂ ಬೆರಳು ಧಗ್ ಅನ್ನತ್ತೆ! ಅತ್ತೆ ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಅವ್ಳ ಮುಖ ನೋಡ್ಬೇಕು ನಾನು ಆಗ. ನೋಡ್ಲೇಬೇಕು!

ಬಾ, ನಿನ್ನ ಬಾಲ್ಕನೀಲಿ ನೋಡೋಣ. ಅಬ್ಬಾ...! ಹೆಂಗೆ ಹೊಳೀತು ನೋಡು! ಭಲೇ ಶೃತಿ, ಚಿನ್ನದ ಕೈ ಕಣೇ ನಿಂದು. ಎರಡು ಬಾಟ್ಲು ಕೊಡು.

ಏನು? ಯಾಕೆ ಕೈ ಬಿಡ್ತಿಲ್ಲ? ಆ ಬೆರಳು ಬೇಡ ಅಂದ್ನಲ್ಲ... ಈಳಿಗೆ ಮಣೆ ಕೊಯ್ದಿದ್ದು, ಹಳೇ ಗಾಯ. ಉಗುರು ಎರಡು ಸೀಳಾಗೇ ಬೆಳೆಯತ್ತೆ. ಎಷ್ಟೋ ಜನರಿಗೆ ಇರತ್ತಪ್ಪ ಹಂಗೆ.

ಹಂಗ್ ನೋಡ್ಬೇಡ.

ಶೃತಿ, ಮುಚ್ಚಳ ಯಾಕೆ ಹಾಕ್ದೆ?

...ಹೂಂ. ಮುಖ ನೆನಪಿರಲ್ಲ ನಿಂಗೆ, ಉಗುರು ನೆನಪಿರತ್ತೆ. ಬಂದಿದ್ದೆ. ಹೋದ ವರ್ಷ ಇಲ್ಲಿಗೇ ಬಂದಿದ್ದೆ, ಇದೇ ಬಣ್ಣ, ಈ ಸೀಳುಗುರಿಗೆ ಎರಡು ಸಲ ಹಚ್ಚಿದ್ದೆ ನೀನು. ಬಿಸಿಲಿಗೆ ಹೋದ್ರೆ ಕಾಣತ್ತೆ ಆಂಟಿ ಅಂತ ಹೇಳಿಯೂ ಇದ್ದೆ. ಮರ್ತಿರ್ಲಿಲ್ಲ ನಾನು. ಆಸೆ ಕಣೇ. ಹತ್ತೊಂಬತ್ತು ವರ್ಷ ಅರಿಶಿನ ಮೆತ್ತಿದ ಉಗುರು... ಒಂದು ದಿನ ಚೆನ್ನಾಗಿತ್ತು, ಅಳಿಸೋಕೆ ಮನಸ್ಸು ಬರ್ಲಿಲ್ಲ. ಒಳಗೆ ಯಾರಿಗೂ ಕಾಣಲ್ವಲ್ಲ ಅಂದ್ಕೊಂಡು ಅದೇ ಕೈಲಿ ಮಡಿ ಸೀರೆ ಉಟ್ಟೆ.

ಹಿತ್ತಲಿಗೆ ಹೋದೆ. ಅತ್ತೆ ಕಣ್ಣಿಗೇ ಬಿತ್ತು. ಯಾರೂ ಚಾಡಿ ಹೇಳ್ಲಿಲ್ಲ.

ಹೇಮಾನಾ? ಅವ್ಳು ಓಡಿ ಬಂದು ನನ್ನ ಮುಂದೆ ನಿಂತ್ಲು. ತಪ್ಪು ನಂದೇ ಅತ್ತೆ, ಅಕ್ಕ ಬೇಡ ಅಂದ್ರೂ ನಾನೇ ಬಲವಂತವಾಗಿ ಹಚ್ಚಿದ್ದು, ತೆಗೀಬಾರ್ದು ಅಂತ ಆಣೆ ಹಾಕಿದ್ದೂ ನಾನೇ ಅಂದ್ಲು. ಹಸಿ ಸುಳ್ಳು! ಅತ್ತೆ ಅವ್ಳ ಅಪ್ಪ ಅಮ್ಮನನ್ನೂ ಬಿಡದೆ ಬೈದ್ರು. ಹೇಮಾನೇ ಮತ್ತೆ ತಲೆಗೆ ನೀರು ಹಾಕ್ಕೊಂಡು, ಒದ್ದೆ ಸೀರೇಲಿ ಅಷ್ಟೂ ಅಡುಗೆ ಒಬ್ಬಳೇ ಮಾಡಿದ್ಲು. ಸಂಜೆ ಅತ್ತೆ ಅಂದ್ರು, ತಪ್ಪು ಒಪ್ಕೊಳ್ಳೋ ಧೈರ್ಯ ಇದೆ ಈ ಹುಡುಗೀಗೆ, ಇನ್ಮೇಲೆ ಒಲೆ ಇವ್ಳದೇ ಅಂತ.

ನಾನಾ? ನಾನು ಬಾಯಿ ಬಿಡ್ಲಿಲ್ಲ. ಕೈ ಸೆರಗಲ್ಲಿ ಸುತ್ಕೊಂಡು ನಿಂತಿದ್ದೆ. ಇವತ್ತಿನವರೆಗೂ ಒಂದು ಮಾತು ಆಡಿಲ್ಲ ಅವ್ಳು. ದಿನಾ ಬೆಳಗ್ಗೆ ಕಾಫಿ ಕೊಡ್ತಾಳೆ, ನಗ್ತಾಳೆ... ಆ ನಗು ನೋಡಿದ್ರೆ ಮೈಯೆಲ್ಲ ಉರಿಯತ್ತೆ!

ಚಾಡಿ ಹೇಳಿದ್ರೆ ಎಂದೋ ಮರೀತಿದ್ದೆ ಶೃತಿ. ಅವ್ಳು ನನ್ನ ಕಾಪಾಡ್ಬಿಟ್ಲು. ಅದನ್ನ ಹೆಂಗೆ ಕ್ಷಮಿಸ್ಲಿ?